ಹುರುಳಿ ಹರವಿದ ತಿರುವು

ಶಿಂಷಾ ನದಿಯ ದಡದ ಆಶ್ರಮಕ್ಕೆ ಜವರಪ್ಪ ಮೇಷ್ಟ್ರು ಪ್ರತಿ ಭಾನುವಾರ ಬರುತ್ತಿದ್ದವರೇ. ಈ ಸಲ ಬುಧವಾರ ಬಂದರು, ಅದೂ ಬಟ್ಟೆಬರೆ ಗಂಟು ಕಟ್ಟಿಕೊಂಡು.

ಗುರುಗಳು ಜಗುಲಿಯ ಮೇಲೆ ಕೂತು ಹುರುಳಿ ಬಡಿಯುತ್ತಿದ್ದರು.

“ಏನಪ್ಪಾ, ಕಾಲೇಜಿಲ್ವಾ?”

“ಬಿಟ್ಟುಬಿಟ್ಟೆ ಬುದ್ಧಿ. ಇನ್ನು ಇಲ್ಲೇ ಇದ್ದುಬಿಡ್ತೀನಿ. ನೆಮ್ಮದಿ ಆಗೋ ಹಂಗೆ ಒಂದು ಮಂತ್ರ ಕೊಡಿ.”

“ಏನಾಯ್ತು ಅಂತ ಮೊದಲು ಹೇಳು.”

ಜವರಪ್ಪ ಭೌತಶಾಸ್ತ್ರದ ಮೇಷ್ಟ್ರು. ಲೆಕ್ಕ ಮಾಡಿಸುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂದು ತಾಲ್ಲೂಕಿಗೆಲ್ಲ ಹೆಸರು. ಆ ಹೆಸರು ತಲೆಗೂ ಕೊಂಚ ಏರಿತ್ತು, ಸುಳ್ಳೇಕೆ ಹೇಳಲಿ.

“ಕಾಲೇಜಿನ ಕೆಳಗೆ ಮೋರಿ ಹತ್ತಿರ ಒಂದು ತಿರುವಿದೆಯಲ್ಲ ಬುದ್ಧಿ, ಅದನ್ನೇ ಲೆಕ್ಕಕ್ಕೆ ಕೊಟ್ಟೆ. ತಿರುವಲ್ಲಿ ಗಾಡೀನ ಹಿಡಿದುಕೊಳ್ಳೋದು ಟೈರಿಗೂ ರಸ್ತೆಗೂ ಇರೋ ಘರ್ಷಣೆ. ಅದು ಎಷ್ಟು ವೇಗದವರೆಗೆ ಹಿಡಿಯುತ್ತೆ? ಸೆಕೆಂಡಿಗೆ ಹನ್ನೆರಡು ಮೀಟರ್. ಗಂಟೆಗೆ ನಲವತ್ಮೂರು ಕಿಲೋಮೀಟರ್ ಅಂತ ಬೋರ್ಡ್ ಮೇಲೆ ಬರೆದೆ.”

“ಸರಿ ತಾನೆ?”

“ಸರಿಯೇ. ಆದರೆ ಹೊನ್ನಮ್ಮ ಅಂತ ಒಂದು ಹುಡುಗಿ ಎದ್ದು ನಿಂತಳು. ‘ಸಾರ್, ಅಲ್ಲಿ ಹುರುಳಿ ಹರವಿರ್ತಾರಲ್ಲ, ಆಗ?’ ಅಂದಳು.”

ಆ ಕಡೆಯ ರೈತರು ಸುಗ್ಗಿಯಲ್ಲಿ ಹುರುಳಿ ಗಿಡ ತಂದು ಡಾಂಬರು ರಸ್ತೆಗೇ ಹರವುತ್ತಾರೆ. ಬಸ್ಸು ಲಾರಿ ಹತ್ತಿ ಇಳಿದು ಕಾಳು ಬಿಡಿಸಿಕೊಡುತ್ತವೆ. ಗುರುಗಳ ಮುಂದಿದ್ದ ಹುರುಳಿಯೂ ಹಾಗೆ ಅರ್ಧ ತುಳಿಸಿಕೊಂಡು ಬಂದದ್ದೇ.

“ನೀನೇನಂದೆ?”

ಜವರಪ್ಪ ತಲೆ ತಗ್ಗಿಸಿದರು.

“‘ಹುರುಳೀನ ನಿರ್ಲಕ್ಷಿಸಮ್ಮ. ನಿನ್ನ ಪ್ರಶ್ನೇಲಿ ಹುರುಳಿಲ್ಲ’ ಅಂದೆ. ಕ್ಲಾಸೆಲ್ಲ ನಕ್ಕುಬಿಡ್ತು. ಅವಳೂ ನಕ್ಕು ಕೂತಳು.”

ಗುರುಗಳು ನಗಲಿಲ್ಲ.

“ಹೋದ ವಾರ ಅವಳು ಅಣ್ಣನ ಬೈಕಿನ ಹಿಂದೆ ಕೂತು ಬರ್ತಿದ್ದಳು. ತಿರುವಲ್ಲಿ ಹುರುಳಿ. ಅಣ್ಣ ನಿಧಾನ ಮಾಡೋಕೆ ಹೋದನಂತೆ. ‘ನಲವತ್ತರಲ್ಲೇ ಹೋಗಣ್ಣ, ಲೇಟಾಯ್ತು. ಹುರುಳಿ ಲೆಕ್ಕಕ್ಕಿಲ್ಲ ಅಂತ ಮೇಷ್ಟ್ರೇ ಹೇಳವ್ರೆ’ ಅಂದಳಂತೆ. ಬೈಕು ತಿರುಗಲೇ ಇಲ್ಲ ಬುದ್ಧಿ, ನೆಟ್ಟಗೆ ಹೋಗಿ ಮೋರಿಗೆ ಹೊಡೀತು. ಅಣ್ಣ ಉಳಿದ.”

ಮೇಷ್ಟ್ರು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಗುರುಗಳು ಸಮಾಧಾನ ಮಾಡಲಿಲ್ಲ.

“ನನ್ನ ತಪ್ಪಲ್ಲ ಅಂತ ಒಂದು ಮಾತು ಹೇಳಿ ಬುದ್ಧಿ. ಇಲ್ಲಾ, ಇದನ್ನ ಮರೆಯೋ ಮಂತ್ರ ಕೊಡಿ.”

“‘ನಿರ್ಲಕ್ಷಿಸು’ ಅನ್ನೋ ಮಂತ್ರ ನಿನ್ನ ಹತ್ತಿರವೇ ಇದೆಯಲ್ಲಪ್ಪಾ. ನನ್ನದು ಬೇರೆ ಯಾಕೆ?”

ಜವರಪ್ಪನವರಿಗೆ ಮುಖಕ್ಕೆ ಹೊಡೆದಂತಾಯಿತು.

ಗುರುಗಳು ಎದ್ದು ಒಳಗಿನಿಂದ ಐದಡಿ ಉದ್ದದ ಹಲಗೆ ತಂದರು. ಅದರ ಮೇಲೆ ಒಂದು ಹಿಡಿ ಹುರುಳಿ ಕಾಳು ಹರವಿದರು. ಶಿಷ್ಯನ ಚಪ್ಪಲಿ ತೆಗೆದು ಕಾಳಿನ ಮೇಲಿಟ್ಟರು.

“ಒಂದು ತುದಿ ಎತ್ತು.”

ಜವರಪ್ಪ ಎತ್ತಿದರು. ಒಂದಡಿ ಎತ್ತುವಷ್ಟರಲ್ಲಿ ಚಪ್ಪಲಿ ಸರ್‍ರನೆ ಜಾರಿ ಅಂಗಳಕ್ಕೆ ಬಿತ್ತು.

“ಈಗ ಲೆಕ್ಕ ಮಾಡು. ನಿನ್ನ ವಿದ್ಯೆ ನನಗೆ ಬರೋದಿಲ್ಲ.”

ಮೇಷ್ಟ್ರು ಕಣ್ಣೊರೆಸಿಕೊಂಡು ಅಂಗಳದ ಮಣ್ಣಿನ ಮೇಲೆ ಬೆರಳಿಂದ ಬರೆಯತೊಡಗಿದರು. ಐದಡಿಗೆ ಒಂದಡಿ. ಬರಿಯ ರಸ್ತೆಯ ಹಿಡಿತದಲ್ಲಿ ಕಾಲು ಭಾಗ. ತಿರುವು ಅದೇ, ಅಳತೆಯೂ ಅದೇ. ಹಿಡಿತ ಕಾಲು ಭಾಗವಾದರೆ ವೇಗ ಅದರ ವರ್ಗಮೂಲ, ಅಂದರೆ ಅರ್ಧ. ಬೆರಳು ನಿಂತಿತು.

“ಎಷ್ಟು ಬಂತು?”

“ಆರು ಬುದ್ಧಿ. ನಾನು ಬರೆಸಿದ್ದರಲ್ಲಿ ಅರ್ಧ. ಗಂಟೆಗೆ ಇಪ್ಪತ್ತೊಂದೂವರೆ. ಅಯ್ಯೋ, ಇಪ್ಪತ್ತರಲ್ಲಿ ಬಂದಿದ್ದರೆ ಮನೆ ಸೇರ್ತಿದ್ದಳು.”

“ಲೆಕ್ಕಕ್ಕೆ ಎಷ್ಟು ಹೊತ್ತು ಹಿಡೀತು?”

ಜವರಪ್ಪ ಮಣ್ಣಿನ ಮೇಲಿನ ಅಂಕಿಗಳನ್ನು ನೋಡಿದರು.

“ಎರಡು ನಿಮಿಷ.”

ಗುರುಗಳು ಅಂಗಳಕ್ಕಿಳಿದು ಚಪ್ಪಲಿ ತಂದು ಶಿಷ್ಯನ ಕಾಲ ಬಳಿ ಇಟ್ಟರು. ಬಟ್ಟೆಯ ಗಂಟನ್ನು ಎತ್ತಿ ಅವರ ಕೈಗೇ ಕೊಟ್ಟರು.

“ಅವಳು ಕೇಳಿದ್ದು ಅಷ್ಟನ್ನೇ ಕಣಪ್ಪಾ. ಮಿಕ್ಕ ಮಕ್ಕಳು ನಾಳೆನೂ ಅದೇ ತಿರುವಲ್ಲಿ ಬರ್ತಾರೆ, ಎದ್ದು ಹೋಗು.”