ಹಿರೇಮಡುವಿನ ಬೆಲೆ

"ಕೇಳಿರಿ, ಹೊಂಗಿರಿಯ ಜನರೇ! ಬುಟ್ಟಿಚೆಂಡಿನ ಹೆಸರಾಂತ ಆಟಗಾರ ಏಚನಾಯಕ ನೆರೆರಾಜ್ಯದ ತಂಡ ಬಿಟ್ಟು ಬಂದಿದ್ದಾನೆ. ನಮ್ಮ ಮುಂಚೂಣಿಯಲ್ಲಿ ಆಡಲು ಅವನು ಹಿರೇಮಡು ಗ್ರಾಮವನ್ನೇ ಉಂಬಳಿ ಕೇಳಿದ್ದಾನೆ. ಕೊಡಬೇಕೋ ಬೇಡವೋ? ರಾಜಕುಮಾರಿ ಚಂದವ್ವೆಯ ಮೂರು ಒಗಟು ಬಿಡಿಸಿದವರ ಮಾತೇ ಕೊನೆಯ ಮಾತು. ತಪ್ಪಿದವರಿಗೆ ತಲೆದಂಡ!" ಎಂದು ಅರಸ ಬಿಜ್ಜ ಡಂಗುರ ಸಾರಿಸಿದ.

ತಂಡದ ಹೊಣೆ ಚಂದವ್ವೆಯದು. ತಂಡ ಸೋಲುತ್ತಲೇ ಇತ್ತು, ಊರಿನ ಪ್ರತಿಯೊಬ್ಬನ ಬಳಿಯೂ ಒಂದು ಸಲಹೆ ಇತ್ತು. ತಲೆ ಪಣಕ್ಕಿಟ್ಟರೆ ಸಲಹೆ ಕಡಿಮೆಯಾಗುತ್ತದೆಂದು ಅವಳ ಲೆಕ್ಕ. ಲೆಕ್ಕ ಸರಿಯಿತ್ತು. ಸಭೆಗೆ ಬಂದವರು ಮೂವರೇ.

ಮೊದಲು ದಳವಾಯಿ. "ಕೊಡಲೇಬೇಕು!" ಎಂದ.

ಚಂದವ್ವೆ ಮೊದಲ ಒಗಟು ಕೇಳಿದಳು: "ಅಂಗಳದಲ್ಲಿ ಅದು ಒಂದೇ. ಎಷ್ಟು ವೀರರನ್ನು ತಂದರೂ ಎರಡಾಗದು. ಏನದು?"

"ಅರಸರ ಕೀರ್ತಿ!"

ಭಟರು ಅವನ ಕೈ ಕಟ್ಟಿದರು.

ಆಮೇಲೆ ಬಂದ ಶೆಟ್ಟಿ "ಚೆಂಡು" ಎಂದು ಮೊದಲನೆಯದನ್ನು ದಾಟಿದ. ಚಂದವ್ವೆ ಎರಡನೆಯದನ್ನು ಕೇಳಿದಳು: "ಕೊಟ್ಟವನ ಹೆಸರು ಯಾರೂ ಕೂಗರು. ಪಡೆದವನಿಗೆ ಜಯಕಾರ. ಕೊಡುವವನಿಲ್ಲದಿದ್ದರೆ ಜಯಕಾರವೂ ಇಲ್ಲ."

"ಸಾಲ, ತಾಯಿ!"

ಅವನ ಕೈಯನ್ನೂ ಕಟ್ಟಿದರು.

ಮೂರನೆಯವನು ಮಾಸಿದ ಪಂಚೆಯ ಯುವಕ. ಅರಸ ಬಿಜ್ಜ ಹುಬ್ಬೇರಿಸಿದ. "ನೀನ್ಯಾರೋ?"

"ಜುಂಜ, ಸ್ವಾಮಿ. ನಿಮ್ಮ ಅಂಗಳದ ಬುಟ್ಟಿ ಹೆಣೆಯೋನು. ಹಿರೇಮಡುವಿನವನು."

"ಯಾರು ಕರೆದರು ನಿನ್ನನ್ನ?"

"ನನ್ನ ಊರನ್ನ ಕೊಡೋ ಮಾತಾಡುವಾಗ ನೀವು ನಮ್ಮನ್ನ ಕೇಳಲಿಲ್ಲ. ನಾನೂ ಕೇಳದೇ ಬಂದೆ."

ಅವನು ಚಂದವ್ವೆಯತ್ತ ತಿರುಗಿದ.

"ಮೊದಲನೆಯದು ಚೆಂಡು, ರಾಜಕುಮಾರಿ. ಎರಡನೆಯದು ಪಕ್ಕದವನಿಗೆ ದಾಟಿಸುವ ಎಸೆತ. ಬುಟ್ಟಿಗೆ ಹಾಕಿದವನಿಗೆ ಚಪ್ಪಾಳೆ, ದಾಟಿಸಿದವನನ್ನ ಯಾರೂ ನೋಡಲ್ಲ. ನಮ್ಮ ತಂಡದ ಐವರಲ್ಲಿ ಒಬ್ಬರೂ ದಾಟಿಸಲ್ಲ. ಇನ್ನೊಬ್ಬ ವೀರ ಬಂದರೆ ಚೆಂಡಿಗೆ ಜಗಳ ಹೆಚ್ಚುತ್ತೆ, ಚೆಂಡು ಹೆಚ್ಚಲ್ಲ."

ಚಂದವ್ವೆ ಮುಂದಕ್ಕೆ ಬಾಗಿದಳು. "ಕೊಳ್ಳುವಾಗ ನೋಡುವುದು ನಿನ್ನೆಯದನ್ನು, ಸಿಗುವುದು ನಾಳೆಯದು. ಅದನ್ನೇ ನಂಬಿ ವೀರ ನೆಗೆಯುತ್ತಾನೆ. ಏನದು?"

ಜುಂಜ ಅತ್ತಿತ್ತ ನೋಡಿದ. ಅವನ ಕೈಯನ್ನೂ ಕಟ್ಟಲು ಭಟನೊಬ್ಬ ಹಗ್ಗ ಬಿಚ್ಚತೊಡಗಿದ. ಅರಸನ ಪಕ್ಕದ ಪೀಠದಲ್ಲಿ ಏಚನಾಯಕ ಮತ್ತೆ ಮತ್ತೆ ಕಾಲು ಚಾಚಿ ಮಡಿಸುತ್ತಿದ್ದ. ಜುಂಜನ ಕಣ್ಣು ಅಲ್ಲೇ ನಿಂತಿತು.

"ಏಚಣ್ಣ, ಕೈ ಊರದೆ ಒಂದ್ಸಲ ಎದ್ದು ನಿಲ್ತೀರಾ?"

"ಅಧಿಕಪ್ರಸಂಗಿ!" ಅರಸ ಗುಡುಗಿದ.

ಏಚ ಆಗಲೇ ಏಳುತ್ತಿದ್ದ. ಅರ್ಧಕ್ಕೆ ಬಂದಾಗ ಅವನ ಕೈ ತಾನಾಗಿ ಪೀಠದ ಅಂಚು ಹಿಡಿಯಿತು.

"ಉತ್ತರ, ಆಟಗಾರನ ಮಂಡಿ," ಎಂದ ಜುಂಜ.

ಏಚ ಮತ್ತೆ ಕೂತು ನಕ್ಕುಬಿಟ್ಟ. "ಹುಡುಗ ಸರಿ ಹೇಳಿದ. ನಾನು ಕೇಳಿದ್ದು ಹಳೇ ಮಂಡಿಯ ಬೆಲೆ."

"ಮೂರೂ ಸರಿ. ನಿನ್ನ ತೀರ್ಪು?" ಚಂದವ್ವೆ ಕೇಳಿದಳು.

"ಉಂಬಳಿ ಕೊಡಕೂಡದು."

"ಹಾಗಾದರೆ ಸೋಲುತ್ತಲೇ ಇರೋಣವೇನೋ?" ಎಂದ ಅರಸ.

"ಸೋಲೋಣ, ಸ್ವಾಮಿ. ದಾಟಿಸೋದು ಕಲಿತ ದಿನ ಗೆಲ್ಲೋಣ. ಅಲ್ಲಿವರೆಗೆ ಊರಾದರೂ ನಮ್ಮದಾಗಿರುತ್ತೆ."

ಅರಸ ಮಗಳತ್ತ ನೋಡಿದ. ಡಂಗುರ ಸಾರಿಸಿದವನು ತಾನೇ, ಈಗ ಮಾತು ತಪ್ಪುವಂತಿರಲಿಲ್ಲ. "ಬಹುಮಾನ ಕೇಳು," ಎಂದ ಕೊನೆಗೆ.

ಕೈ ಕಟ್ಟಿಸಿಕೊಂಡು ನಿಂತಿದ್ದ ಇಬ್ಬರ ಕಡೆ ಜುಂಜ ಬೆರಳು ತೋರಿಸಿದ. "ಇವರ ತಲೆ."

ಶೆಟ್ಟಿ ಕುಸಿದ.

"ಹೆಗಲ ಮೇಲೇ ಇರಲಿ," ಎಂದ ಜುಂಜ. "ಸಲಹೆ ಕೊಟ್ಟವರ ತಲೆ ತೆಗೆದರೆ ಆಟ ನೋಡೋಕೆ ಯಾರು ಉಳೀತಾರೆ?"

ಚಂದವ್ವೆ ನಕ್ಕಳು. ಹಿರೇಮಡುವನ್ನು ಯಾರಿಗೂ ಉಂಬಳಿ ಕೊಡಕೂಡದೆಂದು ಊರಬಾಗಿಲಲ್ಲಿ ಶಾಸನ ನೆಡಿಸಿದಳು. ಮುಂದಿನ ಪಂದ್ಯ ಹಿರೇಮಡುವಿನಲ್ಲೇ ನಡೆಯಿತು. ಹೊಂಗಿರಿ ಸೋತಿತು. ಅಂಗಳದ ಅಂಚಿನಲ್ಲಿ ನಿಂತು, "ದಾಟಿಸ್ರೋ, ದಾಟಿಸ್ರೋ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ದಳವಾಯಿ.