ಹಿಂದಿನ ಸಾಲಿಗೂ ಮುಟ್ಟುವ ಬೆತ್ತ

“ಗುರುಗಳೇ, ಕೈಯಲ್ಲಿ ಹೆಚ್ಚು ಹಣವಿಲ್ಲದವನು ತನಗೆ ಅಕ್ಷರ ಕಲಿಸಿದವರಿಗೆ ಹಬ್ಬಕ್ಕೆ ಏನು ಕೊಡಬೇಕು?” ಎಂದು ಮರಿದೇವ ಕೇಳಿದ.

ನವರಾತ್ರಿ ಹತ್ತಿರ ಬಂದಿತ್ತು. ಮರಿದೇವ ಮಠದಿಂದ ತನ್ನೂರಿಗೆ ಹೊರಟಿದ್ದ. ಬಾಲ್ಯದಲ್ಲಿ ಅವನಿಗೆ ಓದು ಕಲಿಸಿದ ಮೇಷ್ಟ್ರು ಇನ್ನೂ ಅದೇ ಊರಿನಲ್ಲಿದ್ದರು. ಅವರನ್ನು ಬರಿಗೈಯಲ್ಲಿ ನೋಡಲು ಅವನಿಗೆ ಮನಸ್ಸಿರಲಿಲ್ಲ.

“ನೀನು ಏನು ಕೊಡಬೇಕೆಂದಿದ್ದೀಯೆ?” ಎಂದು ಗುರುಗಳು ಕೇಳಿದರು.

“ಅದೇ ತಿಳಿಯುತ್ತಿಲ್ಲ. ಶಾಲು, ಹಣ್ಣು ಎಲ್ಲರೂ ಕೊಡುತ್ತಾರೆ. ನಾನು ಕೊಟ್ಟದ್ದು ದಿನವೂ ಅವರ ಉಪಯೋಗಕ್ಕೆ ಬರಬೇಕು. ಅದನ್ನು ಮುಟ್ಟಿದಾಗಲೆಲ್ಲ ‘ಇದು ನಮ್ಮ ಮರಿದೇವ ಕೊಟ್ಟದ್ದು’ ಎಂದು ಅವರು ನಾಲ್ಕು ಜನರಿಗೆ ಹೇಳುವಂತಿರಬೇಕು. ದುಬಾರಿಯೂ ಆಗಬಾರದು.”

ಗುರುಗಳಿಗೆ ನಗು ಬಂತು. “ಕೇಳಿದ್ದು ಒಂದು, ಬೇಡಿದ್ದು ಮೂರು. ಕೂತುಕೋ,” ಎಂದು ಅವರು ಈ ಕತೆ ಹೇಳಿದರು.

ಒಂದೂರಿನಲ್ಲಿ ಬುಟ್ಟಿ ಹೆಣೆಯುವವಳೊಬ್ಬಳಿದ್ದಳು. ಬಿದಿರು, ಬೆತ್ತ ಸೀಳಿ ಮೊರ, ಬುಟ್ಟಿ, ತೊಟ್ಟಿಲು ಮಾಡುವುದು ಅವಳ ಕಸುಬು. ಉಳಿದ ಚೂರುಗಳಲ್ಲಿ ಪೀಪಿ, ಗಿರಿಗಿಟ್ಲೆ ಮಾಡಿ ಮಕ್ಕಳಿಗೆ ಹಂಚುತ್ತಿದ್ದಳು. ಶಾಲೆ ಬಿಟ್ಟರೆ ಸಾಕು, ಊರಿನ ಮಕ್ಕಳೆಲ್ಲ ಅವಳ ಜಗಲಿಯ ಮೇಲೆ. ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ಬೈಯುತ್ತಲೇ ಅವರಿಗೆ ಜಾಗ ಮಾಡಿಕೊಡುತ್ತಿದ್ದಳು. ಅವಳ ಬದುಕಿನಲ್ಲಿ ಸುಖವೆಂದು ಇದ್ದದ್ದು ಅದೊಂದೇ. ಅದು ಅವಳಿಗೆ ಸಾಕಾಗಿತ್ತು.

ಅವಳಿಗೆ ಒಬ್ಬಳು ಮಗಳು. ಹುಡುಗಿಗೆ ಮಾತು ತೊದಲು. ಹೊರಗಿನವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಊರಿನ ಅಯ್ಯನವರ ಶಾಲೆಗೆ ಸೇರಿ ಒಂದು ವರ್ಷ ಕಳೆಯುವುದರೊಳಗೆ ಆ ಹುಡುಗಿ ಜಗಲಿಯ ಮೇಲೆ ಕುಳಿತು, ದಾರಿಯಲ್ಲಿ ಹೋಗುವವರಿಗೂ ಕೇಳಿಸುವಂತೆ ಓದತೊಡಗಿದಳು. ಬುಟ್ಟಿಯವಳು ಕತ್ತಿ ಕೆಳಗಿಟ್ಟು ಕೇಳಿದಳು. ಅವಳಿಗೆ ಅಳುವೇ ಬಂದುಬಿಟ್ಟಿತು. ಈ ಅಯ್ಯನವರಿಗೆ ಹಬ್ಬಕ್ಕೆ ಏನಾದರೂ ಕೊಡಲೇಬೇಕು ಎಂದು ಅಂದೇ ನಿಶ್ಚಯಿಸಿದಳು.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ನವರಾತ್ರಿಯಲ್ಲಿ ಅಯ್ಯನವರು ಮಕ್ಕಳನ್ನು ಕರೆದುಕೊಂಡು ಮನೆಮನೆಯ ಮುಂದೆ ಚೌಪದವೆಂಬ ಹಬ್ಬದ ಹಾಡು ಹಾಡಿಸುತ್ತಿದ್ದರು. ಕೊನೆಯ ದಿನ ಊರವರೆಲ್ಲ ಚಾವಡಿಯಲ್ಲಿ ಸೇರಿ ಅವರಿಗೆ ಉಡುಗೊರೆ ಕೊಡುತ್ತಿದ್ದರು. ಮದುವೆಯಲ್ಲಿ ಮುಯ್ಯಿ ಕೂಗುವ ಹಾಗೆ, ಊರಿನ ತಳವಾರ ಒಂದೊಂದನ್ನೂ ಎತ್ತಿ ಹಿಡಿದು, ಕೊಟ್ಟವರು ಯಾರು, ಕೊಟ್ಟದ್ದು ಏನು ಎಂದು ಕೂಗುತ್ತಿದ್ದ. ಹಾಗಾಗಿ ಎಲ್ಲರೂ ಶಾಲನ್ನೇ ಕೊಡುತ್ತಿದ್ದರು. ಎತ್ತಿ ಹಿಡಿದರೆ ಶಾಲು ದೂರಕ್ಕೂ ಕಾಣುತ್ತದಲ್ಲ.

ಅಯ್ಯನವರದು ಒಂಟಿ ಜೀವ. ಎಷ್ಟು ಶಾಲು ಹೊದೆಯಬಲ್ಲರು? ಒಂದನ್ನು ಕಿಟಕಿಗೆ ಕಟ್ಟಿದ್ದರು. ಇನ್ನೊಂದರ ಮೇಲೆ ಬೆಕ್ಕು ಮರಿ ಹಾಕಿತ್ತು. ಉಳಿದವನ್ನು ಮದುವೆ ಮುಂಜಿಗಳಲ್ಲಿ ಬೇರೆಯವರಿಗೆ ಹೊದೆಸಿಬಿಡುತ್ತಿದ್ದರು. ಆ ಶಾಲುಗಳು ಊರೆಲ್ಲ ಸುತ್ತಿ, ಮರುವರ್ಷ ಚಾವಡಿಯಲ್ಲಿ ಮತ್ತೆ ಅವರ ಹೆಗಲಿಗೇ ಬಂದು ಬೀಳುತ್ತಿದ್ದವು. ನಗಬೇಡ ಮರಿದೇವ, ನಮ್ಮ ಮಠದ ಪೆಟ್ಟಿಗೆಯಲ್ಲೂ ಅಂಥವು ಬೇಕಾದಷ್ಟಿವೆ.

ಶಾಲು ಕೊಳ್ಳುವ ಶಕ್ತಿ ಬುಟ್ಟಿಯವಳಿಗಿರಲಿಲ್ಲ. ಇದ್ದಿದ್ದರೂ ಅವಳು ಅದನ್ನು ಕೊಡುತ್ತಿದ್ದಳೆಂದು ನನಗೆ ಅನ್ನಿಸುವುದಿಲ್ಲ. ಯಾರಾದರೂ ತೊಟ್ಟಿಲು ಬೇಕೆಂದರೆ ಮೊದಲು ಅವರ ಮನೆಗೆ ಹೋಗಿ, ತೊಲೆ ಎಷ್ಟು ಎತ್ತರದಲ್ಲಿದೆ, ತಾಯಿ ಎಲ್ಲಿ ಮಲಗುತ್ತಾಳೆ ಎಂದು ನೋಡಿಬರುವ ಹೆಂಗಸು ಅವಳು. ಈ ಮನುಷ್ಯನಿಗೆ ನಿಜವಾಗಿ ಬೇಕಾದದ್ದು ಏನಿರಬಹುದು ಎಂಬ ಕುತೂಹಲ ಅವಳ ತಲೆ ಹೊಕ್ಕಿತು. ಹೊಕ್ಕದ್ದು ಹೊರಗೆ ಹೋಗಲಿಲ್ಲ.

ಶಾಲೆಯ ಎದುರು ಮನೆಯವರು ಕಣಜಕ್ಕೆ ಮುಚ್ಚಳ ಬೇಕೆಂದಿದ್ದರು. ಅವಳು ಬೆತ್ತ ಬಿದಿರುಗಳನ್ನು ಹೊತ್ತುಕೊಂಡು ಹೋಗಿ ಅವರ ಜಗಲಿಯ ಮೇಲೇ ಕುಳಿತಳು. ಒಂದು ದಿನದಲ್ಲಿ ಮುಗಿಯುವ ಕೆಲಸವನ್ನು ವಾರ ಎಳೆದಳು. ಕೈ ಹೆಣೆಯುತ್ತಿತ್ತು, ಕಣ್ಣು ಶಾಲೆಯ ಕಡೆಗಿತ್ತು.

ಅಯ್ಯನವರು ಮಕ್ಕಳ ಸ್ಲೇಟನ್ನು ಕೈಗೆ ತೆಗೆದುಕೊಳ್ಳುವುದೇ ಇಲ್ಲವೆಂಬುದು ಅವಳಿಗೆ ಮೊದಲು ಕಂಡಿತು. ಬರೆದದ್ದನ್ನು ಬರೆದವರಿಂದಲೇ ಓದಿಸುತ್ತಿದ್ದರು. ಯಾರನ್ನೂ ಬಿಡುತ್ತಿರಲಿಲ್ಲ. ತೊದಲಿದರೆ ಕಾಯುತ್ತಿದ್ದರು. ತನ್ನ ಮಗಳಿಗೆ ಬಾಯಿ ಬಂದದ್ದು ಹೀಗೆ ಎಂದು ಅವಳಿಗೆ ಅರ್ಥವಾಯಿತು. ಆದರೆ ಸ್ಲೇಟು ಯಾಕೆ ಮುಟ್ಟುವುದಿಲ್ಲ? ತಡವಾಗಿ ಬಂದ ಹುಡುಗ ಬಾಗಿಲಲ್ಲಿ ನಿಂತರೆ, ಅವನು ಮಾತಾಡುವ ತನಕ ಹೆಸರು ಹಿಡಿದು ಕರೆಯುವುದಿಲ್ಲ, ಯಾಕೆ? ಸಂಜೆ ಮಕ್ಕಳೆಲ್ಲ ಹೋದ ಮೇಲೂ ಒಳಗೇ ಕುಳಿತಿರುತ್ತಾರೆ, ಯಾಕೆ?

ಒಂದು ಸಂಜೆ ಅವಳು ಕೆಲಸ ಕಟ್ಟಿಡದೆ ಕಾದಳು. ಬೀದಿಯ ಸದ್ದೆಲ್ಲ ಅಡಗಿತು. ಅಯ್ಯನವರು ಬಾಗಿಲಿಗೆ ಬಂದರು. ಗೋಡೆಯ ಮೇಲೆ ಕೈಯಿಟ್ಟು, ಬಲಗಾಲನ್ನು ಮುಂದೆ ಚಾಚಿ, ಮೆಟ್ಟಿಲು ಎಲ್ಲಿದೆಯೆಂದು ಹುಡುಕಿದರು. ಕಾಲಿಗೆ ಮೆಟ್ಟಿಲು ಸಿಕ್ಕ ಮೇಲೆ ಇಳಿದರು.

ಅಯ್ಯನವರ ಕಣ್ಣು ಹೋಗುತ್ತಿತ್ತು. ಅದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳಿಗೆ ಅಯ್ಯೋ ಅನ್ನಿಸಿತು. ಆದರೆ ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ಊರಿಗೆಲ್ಲ ಸಿಗದದ್ದು ತನಗೆ ಸಿಕ್ಕಿತ್ತು. ಮನೆಗೆ ಹೋಗಿ, ದೊಡ್ಡ ಕುಕ್ಕೆಯ ಬಾಯಿಗೆ ಕಟ್ಟಿ ಉಳಿದಿದ್ದ ಒಂದು ದಪ್ಪ ಬೆತ್ತವನ್ನು ಹುಡುಕಿ ತೆಗೆದಳು. ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದಳು. ಅಯ್ಯನವರ ಎತ್ತರವನ್ನು ಕಣ್ಣಲ್ಲೇ ಅಳೆದುಕೊಂಡು ಬಂದಿದ್ದಳು. ಅದಕ್ಕೆ ಸರಿಯಾಗಿ ಕತ್ತರಿಸಿದಳು. ಅಂಗೈಗೆ ಒತ್ತದಂತೆ ಹಿಡಿಗೆ ತೆಳ್ಳನೆಯ ಸಿಪ್ಪೆ ಸುತ್ತಿದಳು. ಒಂದು ಕಾಸೂ ಖರ್ಚಾಗಲಿಲ್ಲ.

ಪಕ್ಕದ ಊರಿನ ಅಯ್ಯನವರಿಗೆ ಹಿಂದಿನ ವರ್ಷ ಕಿವಿ ಮಂದವಾಗಿತ್ತು. ಆ ಊರವರು ಅವರಿಗೆ ಹಾರ ಹಾಕಿ, ಶಾಲು ಹೊದೆಸಿ, ಕೈ ಮುಗಿದು, ಗಾಡಿ ಹತ್ತಿಸಿ ಕಳುಹಿಸಿಬಿಟ್ಟಿದ್ದರು. ಇದು ಬುಟ್ಟಿಯವಳಿಗೂ ಗೊತ್ತಿದ್ದ ಸಂಗತಿಯೇ. ಆದರೆ ಹಿಡಿ ಸುತ್ತುವ ಸಂಭ್ರಮದಲ್ಲಿ ಅವಳಿಗೆ ಅದು ನೆನಪಾಗಲೇ ಇಲ್ಲ. ಅಯ್ಯನವರನ್ನು ಅಷ್ಟು ದಿನ ನೋಡಿದವಳು ಚಾವಡಿಯ ಕಡೆಗೆ ಒಂದು ಸಲವೂ ನೋಡಿರಲಿಲ್ಲ.

ಕೊನೆಯ ದಿನ ಬಂತು. ತಳವಾರ ಶಾಲುಗಳನ್ನು ಎತ್ತಿ ಎತ್ತಿ ಕೂಗಿದ. ಬುಟ್ಟಿಯವಳ ಸರದಿ ಬಂದಾಗ ಕೋಲನ್ನು ಎತ್ತಿ ಹಿಡಿದು, “ಬುಟ್ಟಿ ಹೆಣಿಯೋ ಅವ್ವನಿಂದ ಒಂದು ಊರುಗೋಲು!” ಎಂದು ಕೂಗಿ, ತಾನೇ ತಬ್ಬಿಬ್ಬಾದ. “ಅಲ್ಲ ಕಣವ್ವ, ಐನೋರಿಗೆ ಊರುಗೋಲು ಯಾತಕ್ಕೆ? ಗಟ್ಟಿಮುಟ್ಟಾಗವ್ರಲ್ಲ?”

ಗೌಡರು ತಿರುಗಿ ಅಯ್ಯನವರನ್ನು ನೋಡಿದರು. ಗೌಡರು ನೋಡಿದ ಮೇಲೆ ಎಲ್ಲರೂ ನೋಡಿದರು. ಅಯ್ಯನವರ ಮುಖ ಬಿಳಿಚಿಕೊಂಡಿತ್ತು.

ಪಕ್ಕದ ಊರಿನ ಗಾಡಿ ಬುಟ್ಟಿಯವಳಿಗೆ ಆಗ ನೆನಪಾಯಿತು. ತಳವಾರನ ಪ್ರಶ್ನೆಗೆ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಂದಿದ್ದಳು. ಅದನ್ನು ಆಡಿದ್ದರೆ ಎಂಥ ಸೂಕ್ಷ್ಮ ಹೆಂಗಸು ಎಂದು ಚಾವಡಿಯೇ ಅವಳನ್ನು ಹೊಗಳುತ್ತಿತ್ತು. ಹೊಗಳಿ ಮುಗಿಸಿ ಅಯ್ಯನವರಿಗೆ ಗಾಡಿ ಕಟ್ಟುತ್ತಿತ್ತು.

“ಊರುಗೋಲು ಅಂತ ನಿಂಗ್ಯಾರು ಹೇಳಿದ್ರು?” ಎಂದು ಅವಳು ತಳವಾರನ ಮೇಲೆ ರೇಗಿದಳು. “ಅದು ಬೆತ್ತ. ಹುಡುಗ್ರಿಗೆ ಬಾರ್ಸಕ್ಕೆ. ಐನೋರು ಬಾಳ ಮೆತ್ತಗಾಗೋದ್ರು. ಕೂತ ಕಡೆಯಿಂದ್ಲೇ ಹಿಂದ್ಲ ಸಾಲಿಗೂ ಮುಟ್ಲಿ ಅಂತ ಉದ್ದಕ್ಕೆ ಮಾಡಿವ್ನಿ!”

ಗಂಡಸರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಗೌಡರೂ ನಕ್ಕರು. ತಾಯಂದಿರು ನಗಲಿಲ್ಲ. ಅವಳ ಜಗಲಿಯ ಮೇಲೆ ಆಡಿಕೊಂಡಿದ್ದ ಮಕ್ಕಳು, ಕೈಯಲ್ಲಿ ಅವಳೇ ಮಾಡಿಕೊಟ್ಟ ಪೀಪಿ ಹಿಡಿದುಕೊಂಡು, ಅವಳನ್ನೇ ನೋಡುತ್ತಿದ್ದರು. ಅವಳ ಮಗಳೂ ನೋಡುತ್ತಿದ್ದಳು.

ಅಯ್ಯನವರು ಕೋಲನ್ನು ಕೈಗೆ ತೆಗೆದುಕೊಂಡರು. ಹಿಡಿಯನ್ನು ಬೆರಳಿನಿಂದ ಸವರಿದರು. ಅದು ಹೊಡೆಯುವ ಕೈಗಾಗಿ ಮಾಡಿದ ಹಿಡಿಯಲ್ಲವೆಂದು ಅವರ ಬೆರಳಿಗೆ ತಿಳಿಯಿತು. ಆಮೇಲೆ ಕೋಲನ್ನು ನೆಲಕ್ಕೆ ಕುಟ್ಟಿ, “ಇಂಥದ್ದೊಂದು ಬೇಕಾಗಿತ್ತು,” ಎಂದರು.

ಅಂದಿನಿಂದ ಅವರು ಕೋಲಿಲ್ಲದೆ ಹೊರಗೆ ಬರಲಿಲ್ಲ. ಮೆಟ್ಟಿಲಿಗೆ ಕುಟ್ಟುತ್ತ ಇಳಿದರೂ, ಹೊಸ್ತಿಲಿಗೆ ಕುಟ್ಟುತ್ತ ದಾಟಿದರೂ, ಯಾರಿಗೂ ಅನುಮಾನ ಬರಲಿಲ್ಲ. ಮಕ್ಕಳನ್ನು ಹೆದರಿಸಲು ಸದ್ದು ಮಾಡುತ್ತಾರೆ ಎಂದುಕೊಂಡರು. ಆ ಕೋಲಿನಿಂದ ಅವರು ಯಾರಿಗೂ ಒಂದು ಏಟು ಹೊಡೆದವರಲ್ಲ. ತಾವು ಜಾಣರಾದ್ದರಿಂದ ಏಟು ತಪ್ಪಿತು ಎಂದು ಮಕ್ಕಳು ನಂಬಿದ್ದರು.

ಬುಟ್ಟಿಯವಳ ಜಗಲಿ ಖಾಲಿಯಾಯಿತು. ಮಕ್ಕಳು ಅವಳ ಮನೆಯಿರುವ ಬೀದಿ ಬಿಟ್ಟು ಸುತ್ತುದಾರಿ ಹಿಡಿದರು. ತಾಯಂದಿರು ಅವಳ ಹತ್ತಿರ ಮೊರ ಕೊಂಡರೂ ಮುಖ ಕೊಟ್ಟು ಮಾತಾಡಲಿಲ್ಲ. ಬೆತ್ತ ಯಾಕೆ ಕೊಟ್ಟೆ ಎಂದು ಮಗಳು ಹಟ ಹಿಡಿದು ಕೇಳಿದಳು, ಅತ್ತು ಕೇಳಿದಳು. ಮಗುವಿಗೆ ಹೇಳಿದ್ದು ಬೀದಿಗೆ ಹೋಗದೆ ಇರುತ್ತದೆಯೇ? ಅವಳು ಹೇಳಲಿಲ್ಲ. ಅಭ್ಯಾಸಬಲದಿಂದ ಒಂದಷ್ಟು ದಿನ ಪೀಪಿ ಮಾಡಿ ಜಗಲಿಯ ಮೇಲಿಟ್ಟಳು. ತೆಗೆದುಕೊಳ್ಳಲು ಯಾರೂ ಬರದಿದ್ದಾಗ ಬಿಟ್ಟುಬಿಟ್ಟಳು. ಅವಳಿಗೆ ದುಃಖವಾಗಲಿಲ್ಲ ಎಂದುಕೊಳ್ಳಬೇಡ. ಬಹಳ ದುಃಖವಾಯಿತು.

ವರ್ಷಗಳು ಕಳೆದವು. ಅಯ್ಯನವರ ಕಣ್ಣು ಪೂರ್ತಿ ಹೋಯಿತು. ಇನ್ನು ಮುಚ್ಚಿಡಲಾಗದೆ, ಈಗೀಗ ಕಣ್ಣು ಕಾಣುತ್ತಿಲ್ಲವೆಂದು ಅವರೇ ಚಾವಡಿಗೆ ಹೋಗಿ ಹೇಳಿದರು. ಅಷ್ಟರಲ್ಲಿ ಅವರ ಹತ್ತಿರ ಕಲಿತವರೇ ಊರಿನ ಯಜಮಾನರಾಗಿದ್ದರು. ಕಿವಿಯಿಂದ ಕೇಳಿಕೊಂಡೇ ಪಾಠ ಹೇಳಿ ಅಯ್ಯನವರೇ, ನೀವು ಎಲ್ಲಿಗೂ ಹೋಗಬೇಡಿ ಎಂದರು.

ಅಯ್ಯನವರು ಚಾವಡಿಯಿಂದ ನೇರವಾಗಿ ಬುಟ್ಟಿಯವಳ ಮನೆಗೆ ಬಂದರು. “ಇವತ್ತು ನನ್ನ ಭಯ ಕಳೀತು ತಾಯಿ. ಆ ಕೋಲು ಯಾತಕ್ಕೆ ಕೊಟ್ಟೆ ಅನ್ನೋದನ್ನ ಈಗ್ಲೇ ಹೋಗಿ ಎಲ್ಲರಿಗೂ ಹೇಳ್ಬಿಡ್ತೀನಿ,” ಎಂದರು.

ಅವಳು ಬೆತ್ತ ಸೀಳುತ್ತಿದ್ದಳು. “ಬ್ಯಾಡಿ ಐನೋರೆ,” ಎಂದಳು. “ನಂಗೊತ್ತಿತ್ತು ಅಂದ್ರೆ, ನಿಮ್ಗೆ ಅವತ್ತಿಂದ್ಲೇ ಕಣ್ಣು ಕಾಣ್ತಿರ್ಲಿಲ್ಲ ಅಂತಾಯ್ತದೆ. ಇಷ್ಟು ವರ್ಸ ಊರಿಗೆಲ್ಲ ಸುಳ್ಳು ಹೇಳ್ಕಂಡ್ ಬಂದ್ರು ಅಂತಾರೆ. ನಿಮ್ ಪಾಠದ್ ಮ್ಯಾಲೇ ನಂಬ್ಕೆ ಹೋಯ್ತದೆ. ಸುಮ್ಕಿರಿ.”

ಅಯ್ಯನವರು ಅವಳ ಜಗಲಿಯ ಮೇಲೆ ಕುಳಿತು ಅತ್ತರು. ಆದರೆ ಅವಳ ಮಾತು ಮೀರಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮರಿದೇವನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಊರವರಿಗೆ ಕೊನೆಗೂ ತಿಳಿಯಲೇ ಇಲ್ಲವೇ? ಅಂಥವಳ ಹೆಸರು ಆ ಊರಿನಲ್ಲಿ ಯಾರ ಬಾಯಲ್ಲೂ ಉಳಿಯಲಿಲ್ಲವೇ, ಗುರುಗಳೇ?”

“ಉಳಿದಿದೆ, ಮರಿದೇವ; ಉಣ್ಣದೆ ಹಟ ಮಾಡುವ ಮಗುವಿಗೆ ಆ ಊರಿನ ತಾಯಂದಿರು ಇಂದಿಗೂ ‘ಬೆತ್ತದವ್ವನ್ನ ಕರೀಲಾ?’ ಎನ್ನುತ್ತಾರೆ.”