ನೀಲಿ ಡಬ್ಬಿಯ ಆಚೆ

ಆಸ್ಪತ್ರೆಯ ಕಪಾಟಿನಲ್ಲಿ ಹಳದಿ ಕ್ಯಾಪ್ಸೂಲಿನ ಡಬ್ಬಿ ಪಕ್ಕದ ನೀಲಿ ಡಬ್ಬಿಗೆ ಹೇಳಿತು: "ನೆಗಡಿಯವರೂ ಪವರ್ ಇರೋ ಮಾತ್ರೆ ಕೊಡಿ ಅಂತಾರೆ, ಡಾಕ್ಟರು ನನ್ನನ್ನೇ ಬರೀತಾರೆ. ನಿನ್ನನ್ನು ಯಾರೂ ಮೂಸಿಯೂ ನೋಡಲ್ಲ."

"ಪ್ರಾಣಕ್ಕೆ ಬಂದಾಗ ನೋಡ್ತಾರೆ" ಎಂದಿತು ನೀಲಿ.

ಒಂದು ದಿನ ನ್ಯುಮೋನಿಯಾದಿಂದ ಏದುಸಿರು ಬಿಡುತ್ತಿದ್ದ ಸಿದ್ದವ್ವನಿಗೆ ಹಳದಿ ಕ್ಯಾಪ್ಸೂಲು ಕೊಟ್ಟರು. ಅವಳ ಎದೆಯಲ್ಲಿದ್ದ ರೋಗಾಣುಗಳು ಕೂತಲ್ಲಿಂದ ಏಳಲೂ ಇಲ್ಲ. "ಬಾರಪ್ಪ, ನೆಗಡಿಗೆಲ್ಲ ಬರುತ್ತಿದ್ದವನು ನೀನೇ ತಾನೆ? ನಿನ್ನ ವರಸೆಯೆಲ್ಲ ನಮಗೆ ಗೊತ್ತು" ಎಂದವು. ಕೊನೆಗೆ ಅವಳನ್ನು ಉಳಿಸಿದ್ದು ನೀಲಿ.

ಆಮೇಲೆ ನೆಗಡಿಯವರೆಲ್ಲ "ಸಿದ್ದವ್ವನಿಗೆ ಕೊಟ್ಟಿದ್ದನ್ನೇ ಕೊಡಿ" ಎಂದರು. ಡಾಕ್ಟರು ಬರೆದರು.

"ನೋಡಿದೆಯಾ, ಈಗ ಎಲ್ಲರಿಗೂ ನಾನೇ ಬೇಕು!" ಎಂದು ನೀಲಿ ಹಿಗ್ಗಿತು.

ಹಳದಿ ಅದರ ಆಚೆಗೆ ನೋಡಿತು. ಅಲ್ಲಿ ಕಪಾಟು ಖಾಲಿ, ಬೇರೆ ಡಬ್ಬಿಯೇ ಇರಲಿಲ್ಲ.

"ಇನ್ನೊಬ್ಬ ಸಿದ್ದವ್ವ ಬಂದರೆ?" ಎಂದಿತು.